ನಲವತ್ತೊಂದು ಅರ್ಜಿ, ಒಂದೇ ಕೈ

ಮದ್ದೂರಿನ ಹಳೇ ಕಚೇರಿ ಬೀದಿಯ ಹೊಂಗೆಮರಕ್ಕೆ ಯಾರೋ ಕೆಂಪು ಬಣ್ಣದ ಗುರುತು ಹಾಕಿ ಹೋದದ್ದೇ ಕಸ್ತೂರಿರಂಗನವರ ತಾಪತ್ರಯಕ್ಕೆ ಮೂಲ. ಆ ನೆರಳಲ್ಲಿ ಮೇಜು ಹಾಕಿಕೊಂಡು ಅವರು ಇಪ್ಪತ್ತೆಂಟು ವರ್ಷದಿಂದ ಊರಿನವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಬೀದಿ ಅಭಿವೃದ್ಧಿಯಾಗುತ್ತದಂತೆ, ಮರವಿದ್ದಲ್ಲಿ ಗಾಡಿ ನಿಲ್ಲಿಸುವ ಜಾಗ ಬರುತ್ತದಂತೆ. ಆಕ್ಷೇಪಣೆಯಿದ್ದವರು ಅಂದೇ ಸಂಜೆ ಐದರೊಳಗೆ ಪುರಸಭೆಗೆ ಬರೆದು ಕೊಡಬೇಕೆಂದು ಮರಕ್ಕೇ ನೋಟೀಸು ಅಂಟಿಸಿದ್ದರು. ಮರ ಹೋದರೆ ಮೇಜು ಹೋಯಿತು, ಮೇಜು ಹೋದರೆ ಅನ್ನ ಹೋಯಿತು.

ಬರೆದು ಕೊಡಬೇಕು ಎಂದಮೇಲೆ ಬೀದಿಗೆ ಬೀದಿಯೇ ಬಂದು ಅವರ ಮುಂದೆ ನಿಂತಿತು. ಜನಕ್ಕೆ ಅಕ್ಷರ ಬರುತ್ತಿರಲಿಲ್ಲ ಎಂದಲ್ಲ. ಸರ್ಕಾರಕ್ಕೆ ಬರೆಯುವ ಭಾಷೆಯೇ ಬೇರೆ, ಒಂದು ಕೊಂಬು ತಪ್ಪಿದರೂ ಕಡತ ಅಲ್ಲೇ ಮಲಗುತ್ತದೆ ಎಂದು ಊರನ್ನು ನಂಬಿಸಿದ್ದವರು ಕಸ್ತೂರಿರಂಗನವರೇ. ಹೂವಿನ ಸೋಮಮ್ಮ ಏಳನೇ ಕ್ಲಾಸು ಓದಿದ್ದರೂ ಪ್ರತಿ ಅರ್ಜಿಗೂ ಅವರ ಮೇಜಿಗೇ ಬರುತ್ತಿದ್ದಳು.

ಸ್ಕೂಟರ್ ರಿಪೇರಿಯ ಮುಬೀನನಿಗೆ ನೆರಳು ಬೇಕಿತ್ತು. ಬಟ್ಟೆ ಅಂಗಡಿಯ ಶ್ರೀಮತಿಗೆ ಮರ ಇರಬೇಕು, ಕಾಗೆ ಇರಬಾರದು. ಚಿಕ್ಕಬೋರಯ್ಯ ಮರದ ಜೊತೆಗೆ ಮಗಳ ಮನೆಯ ನಲ್ಲಿ ವಿಷಯವನ್ನೂ ಸೇರಿಸಿ ಎಂದು ಹಟ ಹಿಡಿದ. ‘ಪಾದಾರವಿಂದಗಳಲ್ಲಿ ಅರಿಕೆ’ ಎಂದು ಮೊದಲುಮಾಡಿ ನಲವತ್ತೊಂದು ಅರ್ಜಿ ಮುಗಿಸುವಷ್ಟರಲ್ಲಿ ಮೂರು ಗಂಟೆ. ಮಣಿಕಟ್ಟು ಬೋಂಡದಂತೆ ಊದಿತ್ತು.

ಅವನ್ನೆಲ್ಲ ಪುರಸಭೆ ಕಚೇರಿಗೆ ಒಯ್ದರೆ, ಎಂಜಿನಿಯರ್ ಕೃಷ್ಣಪ್ರಸಾದ್ ಹಾಳೆ ತಿರುವಿ ಕನ್ನಡಕ ತೆಗೆದರು.

“ಎಲ್ಲಾ ಒಂದೇ ಕೈಬರಹ ಅಲ್ವಾ ಸ್ವಾಮಿ? ಇದನ್ನ ಒಬ್ಬರ ಆಕ್ಷೇಪಣೆ ಅಂತ ತಗೋಬೇಕಾಗುತ್ತೆ.”

ಸಹಿ ಬೇರೆಬೇರೆ ಇವೆಯೆಂದು ಕಸ್ತೂರಿರಂಗನವರು ಎಷ್ಟು ಹೇಳಿದರೂ ಎಂಜಿನಿಯರು ಒಪ್ಪಲಿಲ್ಲ. ಅವರವರ ಕೈಯಲ್ಲೇ ಬರೆದದ್ದು ಐದರೊಳಗೆ ಬಂದರೆ ಸರಿ ಎಂದರು.

ಬಿಸಿಲಲ್ಲಿ ವಾಪಸು ಬಂದು ವಿಷಯ ಹೇಳಿದಾಗ, ಅರ್ಧ ಅರ್ಜಿ ಎಡಗೈಯಲ್ಲಿ ಬರೆದುಬಿಡಿ ಎಂದು ಮುಬೀನ್ ಉಪಾಯ ಕೊಟ್ಟ. ಸೋಮಮ್ಮ ಮಾತ್ರ ಅವರನ್ನೇ ನೋಡುತ್ತಿದ್ದಳು.

“ನಾನ್ ಬರೆದ್ರೆ ಕಡತ ಮಲಗಾಕಿಲ್ವಾ ಐನೋರೆ?”

ಅತ್ತ ದರಿ, ಇತ್ತ ಪುಲಿ. ಕಸ್ತೂರಿರಂಗನವರು ಒಮ್ಮೆ ಮರದ ಕಡೆ ನೋಡಿದರು.

“ಮಲಗಲ್ಲ ಕಣಮ್ಮ. ಮನಸ್ಸಿಗೆ ಬಂದದ್ದು ಬರಿ, ಕೆಳಗೆ ಹೆಸರು ಹಾಕು. ಅಷ್ಟೇ.”

ಇಪ್ಪತ್ತೆಂಟು ವರ್ಷದ ಗುಟ್ಟು ಅಷ್ಟರಲ್ಲಿ ಮುಗಿಯಿತು. ಜನ ಮರದ ಬುಡದಲ್ಲಿ, ಸ್ಕೂಟರ್ ಸೀಟುಗಳ ಮೇಲೆ ಹಾಳೆ ಇಟ್ಟುಕೊಂಡು ಬರೆಯಲು ಕೂತರು. ‘ಈ ಮರ ಕಡೀಬೇಡಿ. ನನ್ನ ಹೂವ ಬಾಡ್ತವೆ’ ಎಂದು ಸೋಮಮ್ಮ ಬರೆದಿದ್ದಳು. ಓದಿ ಕಸ್ತೂರಿರಂಗನವರಿಗೆ ನಾಚಿಕೆಯಾಯಿತು. ಅವಳ ಹೆಸರಿನಲ್ಲಿ ತಾವು ಬರೆದ ಎರಡು ಪುಟದಲ್ಲಿ ಹೂವಿನ ಮಾತೇ ಇರಲಿಲ್ಲ.

ಐದಕ್ಕೆ ಐದು ನಿಮಿಷ ಇರುವಾಗ ನಲವತ್ತೊಂದು ಸೊಟ್ಟ ಕೈಬರಹ ಕಚೇರಿ ಸೇರಿದವು. ಸೋಮಮ್ಮನ ಹಾಳೆಯನ್ನು ಎಂಜಿನಿಯರು ಎರಡು ಸಲ ಓದಿ, ಮರ ಉಳಿಸಿಕೊಂಡೇ ನಕ್ಷೆ ತಿದ್ದಿಸುತ್ತೇನೆ ಎಂದರು.

ಮರುದಿನ ಕಸ್ತೂರಿರಂಗನವರು ಮೇಜು ಒರೆಸಿ ನೆರಳಲ್ಲಿ ಕೂತರು. ಹನ್ನೊಂದಾದರೂ ಒಬ್ಬರೂ ಸುಳಿಯಲಿಲ್ಲ. ಕೊನೆಗೆ ಸೋಮಮ್ಮ ಬಿಳಿ ಹಾಳೆ ಹಿಡಿದು ಬಂದಳು. ಅವರು ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದು, ಏನು ಅರ್ಜಿ ಎಂದು ಕೇಳಿದರು.

“ಪಿಂಚಣೀದು. ನಾನೇ ಬರ್ಕತೀನಿ ಬುಡಿ ಐನೋರೆ. ಒಸಿ ಆ ಕಡೆ ಸರ್ಕಳಿ, ಮೇಜು ಬೇಕಿತ್ತು.”

ಅವರು ಎದ್ದು ಜಾಗ ಬಿಟ್ಟರು. ಅವಳ ಹಿಂದೆ ಮುಬೀನನೂ ಹಾಳೆ ಹಿಡಿದು ನಿಂತಿದ್ದ.

“ಆ ಪೆನ್ನೂ ಕೊಡಿ,” ಎಂದಳು ಸೋಮಮ್ಮ.