ನನ್ನ ಹೆಸರಿನಲ್ಲಿ ಒಳಗೆ ಬಂದವರು

ಈ ಸಂಗತಿ ಶುರುವಾದದ್ದು ಒಂದು ಮಂಗಳವಾರ ಎಂದು ನನ್ನ ನೆನಪು. ಬುಧವಾರವೂ ಇರಬಹುದು. ಡೈರಿ ನೋಡಿ ಹೇಳಬಹುದಿತ್ತು. ಆದರೆ ಈಗ ನನ್ನ ಡೈರಿಯನ್ನು ನನ್ನ ನೆನಪಿಗಿಂತ ಕಡಿಮೆ ನಂಬುತ್ತೇನೆ.

ಹುಮನಾಬಾದಿನ ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರು. ಅದರಲ್ಲಿ ನಾಲ್ವರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್: ನನ್ನವರಿಗೆ, ನಾದಿನಿ ಸುವರ್ಣಳಿಗೆ, ನನಗೆ, ಅತ್ತೆಯವರಿಗೆ. ಅತ್ತೆಯವರ ಖಾತೆ ಕೇವಲ ಗೌರವಾರ್ಥ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದ ಅವರು ಕಂಪ್ಯೂಟರನ್ನು ಮುಟ್ಟುವುದು ಧೂಳು ಒರೆಸಲು ಮಾತ್ರ ಎಂಬುದು ಮನೆಯ ಸರ್ವಾನುಮತದ ತೀರ್ಮಾನವಾಗಿತ್ತು.

ಮನೆಯಲ್ಲಿ ಜಗಳವೂ ಒಂದೇ. ಅದರ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು?

“ನಾ ಹತ್ತೇ ನಿಮಿಷ ಕುಂಡ್ರತೀನಿ ವೈನಿ. ಅಣ್ಣ ಕುಂತರ ಏಳಂಗೇ ಇಲ್ಲ,” ಎಂದಳು ಸುವರ್ಣ.

“ಅಂಗಡ್ಯಾಗ ನಿಂತು ನಿಂತು ಕಾಲು ಹೋಗ್ಯಾವ. ನಾ ಇಲ್ಲಿ ಯಾವಾಗ ಕುಂತೀನಿ?” ಎಂದರು ನನ್ನವರು.

ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಸಾಕ್ಷಿಯಿಲ್ಲದೆ ಮಾತಾಡಬೇಡಿ ಎಂದು ದಿನಕ್ಕೆ ಮೂರು ತರಗತಿಗಳಲ್ಲಿ ಹೇಳುವವಳು. ಯಾರು ಯಾವಾಗ ಲಾಗಿನ್ ಆದರು, ಯಾವಾಗ ಲಾಗ್‌ಔಟ್ ಆದರು ಎಂಬುದನ್ನು ಯಂತ್ರವೇ ಬರೆದಿಡುವಂತೆ ಮಾಡುವುದನ್ನು ಕಾಲೇಜಿನ ಲ್ಯಾಬಿನಲ್ಲಿ ಕೇಳಿ ಕಲಿತು ಬಂದೆ. ವಾರ ಕಳೆದ ಮೇಲೆ ಆ ದಾಖಲೆಯನ್ನು ಮುದ್ರಿಸಿ, ಸರ್ಕಾರಿ ಪ್ರಕಟಣೆಯಂತೆ ಫ್ರಿಜ್ಜಿಗೆ ಅಂಟಿಸಿದೆ. ಓದದೆ ಅಂಟಿಸಿದೆ!

ಮೊದಲ ಸ್ಥಾನ ನನ್ನದಾಗಿತ್ತು. ಎರಡನೆಯವರು ನನ್ನ ಹತ್ತಿರವೂ ಸುಳಿದಿರಲಿಲ್ಲ.

“ಸಿಕ್ಕಳು ನೋಡು ಕಳ್ಳಿ!” ಎಂದು ನನ್ನವರು ಚಪ್ಪಾಳೆ ತಟ್ಟಿದರು.

ಮಾನ ಉಳಿಸಿಕೊಳ್ಳಲು ನನ್ನ ಹೆಸರಿನ ಸಾಲುಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಭಾನುವಾರ ಬಿಟ್ಟು ಪ್ರತಿ ಮಧ್ಯಾಹ್ನ ಎರಡೂವರೆಗೆ ನಾನು ಲಾಗಿನ್ ಆಗಿದ್ದೆ, ಮೂರೂಕಾಲಿಗೆ ಲಾಗ್‌ಔಟ್ ಆಗಿದ್ದೆ. ಆ ಹೊತ್ತಿನಲ್ಲಿ ನಾನು ಬಸವಕಲ್ಯಾಣದಲ್ಲಿರುತ್ತೇನೆ! ಮೊದಲು ಅನುಮಾನಿಸಿದ್ದು ನನ್ನನ್ನೇ. ಮರುದಿನ ಕಾಲೇಜಿನ ಹಾಜರಿ ಪುಸ್ತಕ ತೆಗೆದು ನೋಡಿದೆ. ಸಹಿ ಇತ್ತು. ನನ್ನದೇ.

ಆಗ ಇನ್ನೊಂದು ನೆನಪಾಯಿತು. ನನ್ನ ಖಾತೆಯಲ್ಲಿರುವುದು ನನ್ನ ಡೈರಿ. ನೆನಪನ್ನು ನಂಬದ ನಾನು ಎಲ್ಲವನ್ನೂ ಬರೆದಿಡುತ್ತೇನೆ. ಎಲ್ಲವನ್ನೂ ಅಂದರೆ, ಈ ಮನೆಯ ಮೂವರ ಮೇಲಿನ ಮೂರು ವರ್ಷದ ಸಿಟ್ಟನ್ನೂ. ಅದನ್ನು ಓದಿದವರು ಮತ್ತೆ ನನ್ನ ಪಕ್ಕ ಊಟಕ್ಕೆ ಕೂರುವುದು ಕಷ್ಟ. ಇತ್ತೀಚೆಗೆ ಅದರ ಗದ್ಯ ಸುಧಾರಿಸಿದೆ ಎಂಬ ಹೆಮ್ಮೆ ಬೇರೆ ನನಗಿತ್ತು. ‘ಅತ್ತೆ ಸಿಟ್ಟಾದರು. ಕಾರಣವಿತ್ತು.’ ಎಂಥ ಸಂಯಮ! ಹೀಗೇ ಬರೆದರೆ ಪುಸ್ತಕವಾದೀತು ಎಂದು ನನ್ನವರಿಗೆ ಹೇಳಿಯೂ ಇದ್ದೆ.

ಅಂದು ಸಂಜೆ ವಿಚಾರಣೆ ನಡೆಸಿದೆ.

“ಖರೆ ಹೇಳ್ರಿ, ನನ್ನ ಡೈರಿ ಓದಾಕತ್ತೀರೇನು?”

“ನೀ ಬಾಯಿಲೆ ಹೇಳಿದ್ದೇ ಕೇಳಿ ಮುಗಿಯಂಗಿಲ್ಲ. ಬರ್ದದ್ದು ಯಾವಾಗ ಓದ್ಲಿ?” ಎಂದರು ನನ್ನವರು.

ಉತ್ತರ ತರ್ಕಬದ್ಧವಾಗಿತ್ತು. ಹಾಗಾದರೆ ಉಳಿದವಳು ಸುವರ್ಣ! ಅವಳ ಕಡೆ ಒಮ್ಮೆ ನೋಡಿದೆ, ಅಷ್ಟೇ.

“ನನ್ನ ಮ್ಯಾಲ ಸಂಶಯ ಏನ್ರಿ ವೈನಿ?” ಎಂದವಳೇ ತಾಟು ಹಿಡಿದು ತನ್ನ ಕೋಣೆಗೆ ಹೋದಳು. ಭಾನುವಾರದವರೆಗೂ ಅಲ್ಲೇ ಉಂಡಳು.

“ರೊಟ್ಟಿ ಆರ್ತಾವ, ಉಣ್ರಿ,” ಎಂದಷ್ಟೇ ಹೇಳಿದರು ಅತ್ತೆ.

ನಾನು ಪಾಸ್‌ವರ್ಡ್ ಬದಲಿಸಿದೆ. ತವರೂರು ಘಾಟಬೋರಾಳದ ಹೆಸರು, ಅದರ ಮುಂದೆ ಕೆಲವು ಅಂಕಿ. ಗುಟ್ಟು ಹೊರಬೀಳಬಾರದೆಂದು ಎಲ್ಲಿಯೂ ಬರೆದಿಡಲಿಲ್ಲ. ನೆನಪನ್ನು ನಂಬದವಳು ನೆನಪನ್ನೇ ನಂಬಿದೆ! ಭಾನುವಾರ ಕುಳಿತರೆ ಅಂಕಿಗಳು ಮರೆತುಹೋಗಿದ್ದವು. ಒತ್ತುವ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳದೆ ನನಗೆ ಟೈಪಿಸಲು ಬರುವುದಿಲ್ಲ. ಹೇಳುತ್ತಾ ಒತ್ತಿದೆ. ಆಗಲಿಲ್ಲ. ಮತ್ತೆ ಒತ್ತಿದೆ.

“ಹನ್ನೊಂದನೇ ಸಲ,” ಎಂದು ಹಿಂದಿನಿಂದ ನನ್ನವರು ಎಣಿಸಿದರು. “ಇದನ್ನೂ ಅದು ಬರಕೊಳ್ಳಾಕತ್ತದೇನು?”

ಬರೆದುಕೊಳ್ಳುತ್ತಿತ್ತು. ನನ್ನ ಹೆಸರಿನಲ್ಲೇ!

ಆಗ ಅಡುಗೆಮನೆಯಿಂದ ಅತ್ತೆಯವರ ಧ್ವನಿ ಬಂತು. “ಸರೋಜಾ, ಕಡೀಗಿ ಎರಡು ಸೊನ್ನಿ ಅದಾವ ನೋಡವ್ವ. ನೀ ಒಂದೇ ಒತ್ತಾಕತ್ತಿ.”

ಎರಡು ಒತ್ತಿದೆ. ತೆರೆಯಿತು! ಖುಷಿಯಲ್ಲಿ “ಹೌದ್ರಿ ಅತ್ತೀ!” ಎಂದೆ. ಆಮೇಲೆ ನಿಧಾನವಾಗಿ ಕುರ್ಚಿ ತಿರುಗಿಸಿದೆ.

“ನಿಮಗ ಹ್ಯಾಂಗ ಗೊತ್ತಾತ್ರಿ?”

“ಒತ್ತುವಾಗ ಒದರ್ತೀಯಲ್ಲ. ಓಣಿ ಮಂದಿಗೆಲ್ಲ ಗೊತ್ತದ.”

“ನಿಮ್ಮದೇ ಖಾತೆ ಅದ ಅಲ್ರಿ?”

“ಅದರಾಗ ತಿದ್ದಾಕ ಏನದ?”

ತಿದ್ದಲು! ಡೈರಿ ತೆರೆದೆ. ಜ್ವರ ಬಂದಾಗ ಅತ್ತೆ ಒಂದು ದಿನ ಗಂಜಿ ಕೊಟ್ಟರು ಎಂದು ಬರೆದ ನೆನಪು. ಈಗ ಅಲ್ಲಿ ಐದು ದಿನ ಎಂದಿತ್ತು. ಯೋಚಿಸಿದರೆ ಐದೇ ಇರಬೇಕು. ‘ಸುವರ್ಣ ಜಗಳಗಂಟಿ’ ಎಂಬ ಸಾಲು ‘ಸುವರ್ಣಳಿಗೆ ಪರೀಕ್ಷೆಯ ಚಿಂತೆ’ ಎಂದಾಗಿತ್ತು. ‘ಅತ್ತೆ ಸುಮ್ಮಸುಮ್ಮನೆ ಸಿಟ್ಟಾದರು’ ಎಂದಲ್ಲವೇ ನಾನು ಬರೆದದ್ದು? ಆ ಸಂಯಮವೂ ನನ್ನದಲ್ಲ!

ಸಾಕ್ಷಿ ಫ್ರಿಜ್ಜಿನ ಮೇಲೆಯೇ ಇತ್ತು. ನಾವು ಮೂವರೂ ಜನ್ಮದಲ್ಲಿ ಲಾಗ್‌ಔಟ್ ಆದವರಲ್ಲ, ಕೆಲಸ ಮುಗಿದರೆ ಗೋಡೆಯ ಸ್ವಿಚ್ಚನ್ನೇ ಆರಿಸುವವರು. ಕರಿಹಲಗೆ ಒರೆಸಿಯೇ ತರಗತಿಯಿಂದ ಹೊರಬರುವ ಅಭ್ಯಾಸ ಈ ಮನೆಯಲ್ಲಿ ಒಬ್ಬರಿಗೇ ಇರುವುದು. ನನಗೆ ಹೊಳೆಯಲಿಲ್ಲ. ಇತಿಹಾಸದ ಉಪನ್ಯಾಸಕಿ!

“ಎಲ್ಲಾ ಓದೀರಿ, ಸಿಟ್ಟು ಬರಲಿಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದೆ.

“ಬಂತು. ಆದ್ರೂ ದಿನಾ ನಿನ್ನ ಮಗ್ಗಲದಾಗ ಕುಂತು ಉಣ್ಣಾಕತ್ತೀನಲ್ಲ? ಏಳು, ಸುವರ್ಣಾನ ಊಟಕ್ಕ ಕರಿ. ಮಾತಾಡಿಸು ಅಕೀನ.”

ಹೋಗಿ ಕರೆದೆ. ಕ್ಷಮೆಯನ್ನೂ ಕೇಳಿದೆ. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅವಳು ನಗುತ್ತಾ ಬಂದು ಕೂತಳು.

ಈ ಬರಹವೂ ಅದೇ ಖಾತೆಯಲ್ಲಿದೆ. ಆದ್ದರಿಂದ ಮೊದಲ ಸಾಲಿನ ಮಂಗಳವಾರ ನನ್ನದೋ ಅತ್ತೆಯವರದೋ ಹೇಳಲಾರೆ. ಅಂದು ಊಟದ ಹೊತ್ತಿಗೆ ಅವರಿಗೊಂದು ಪ್ರಶ್ನೆ ಕೇಳಿದ್ದೆ. ಮಧ್ಯಾಹ್ನದ ಲಾಗಿನ್ ಇವತ್ತಿಗೂ ತಪ್ಪಿಲ್ಲ, ಉತ್ತರ ಮಾತ್ರ ಬಂದಿಲ್ಲ:

“ಅತ್ತೀ, ಈ ಮೂರು ವರ್ಷದಾಗ ನಾ ಬರ್ದದ್ದೆಷ್ಟು, ನೀವು ಬರ್ದದ್ದೆಷ್ಟು?”