ಹನ್ನೊಂದು ಪುಸ್ತಕಗಳ ಏಕೈಕ ಲೇಖಕಿ

ನಮ್ಮ ಸಾರ್ವಜನಿಕ ಗ್ರಂಥಾಲಯದ ಹದಿನಾಲ್ಕನೆಯ ನಿಯಮದ ಪ್ರಕಾರ ಒಂದು ಹೆಸರಿಗೆ ಒಬ್ಬರೇ ಲೇಖಕರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪುಸ್ತಕ ಬಂದ ಕೂಡಲೇ ಲೇಖಕರ ಹೆಸರಿನಲ್ಲಿ ಒಂದು ಕಾರ್ಡು ಮಾಡಿ ಮರದ ಡ್ರಾಯರಿನಲ್ಲಿ ಇಡುತ್ತೇವೆ. ಅದೇ ಹೆಸರಿನ ಬೇರೊಬ್ಬರು ಪುಸ್ತಕ ಬರೆದರೆ ಹೊಸ ಕಾರ್ಡು ಮಾಡುವಂತಿಲ್ಲ, ಹಳೆಯದರಲ್ಲೇ ಸೇರಿಸಬೇಕು. ಕಾರ್ಡುಗಳ ಕೊರತೆಯಿದ್ದ ಒಂದು ವರ್ಷ ಮಾಡಿದ ನಿಯಮ ಇದು. ಕೊರತೆ ಮುಂದಿನ ವರ್ಷವೇ ನೀಗಿತು. ಈಗ ಗೋದಾಮಿನಲ್ಲಿ ಖಾಲಿ ಕಾರ್ಡುಗಳ ನಲವತ್ತು ಕಟ್ಟುಗಳಿವೆ. ನಿಯಮವೂ ಸುಸ್ಥಿತಿಯಲ್ಲಿದೆ.

ಹೀಗೆ ಒಂದು ಕಾರ್ಡಿನಲ್ಲಿ ಹನ್ನೊಂದು ಪುಸ್ತಕಗಳು ಸೇರಿಕೊಂಡವು. ಮೂರು ದೇವರಲ್ಲಿ ನಂಬಿಕೆಯ ಬಗ್ಗೆ. ಬರೆದವರು ಒಬ್ಬ ಧರ್ಮಬೋಧಕರು. ಐದು ಕೋಳಿ ಸಾಕಣೆಯ ಬಗ್ಗೆ, ಬರೆದವರು ಪಶುವೈದ್ಯರು. ಎರಡು ನಲ್ಲಿ ದುರಸ್ತಿಯ ಬಗ್ಗೆ. ಬರೆದವರು ಅದೇ ಕೆಲಸದವರು. ಉಳಿದ ಒಂದು ಯುರೋಪಿನ ಪುನರುಜ್ಜೀವನ ಕಾಲದ ಕಾವ್ಯದ ಬಗ್ಗೆ. ಬರೆದವರು ನಿವೃತ್ತ ಟೀಚರ್. ನಾಲ್ವರಿಗೂ ಒಂದೇ ಹೆಸರು, ಗಂಡಸರಿಗೂ ಹೆಂಗಸರಿಗೂ ಇಡುವಂಥದ್ದು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಈ ಬರಹವನ್ನೂ ಅದೇ ಕಾರ್ಡಿಗೆ ಸೇರಿಸುವ ಸಂಭವವಿದೆ.

ಪ್ರತಿ ಕಾರ್ಡಿನಲ್ಲಿ ಲೇಖಕರ ಪರಿಚಯ ಇರಬೇಕು. ಪಟ್ಟಿ ವಿಭಾಗದ ಗುಮಾಸ್ತನಾಗಿ ಅದನ್ನು ಬರೆದವನು ನಾನೇ: "ಲೇಖಕರು ಧರ್ಮಬೋಧಕರಾಗಿದ್ದು ತೊಂಬತ್ತು ವರ್ಷಗಳ ಹಿಂದೆ ತೀರಿಕೊಂಡರು. ತರುವಾಯ ಅವರ ಆಸಕ್ತಿ ಕೋಳಿಗಳತ್ತ ಹೊರಳಿತು. ಕಾವ್ಯ ಮತ್ತು ನಲ್ಲಿಗಳ ಬಗ್ಗೆಯೂ ಬರೆದಿದ್ದಾರೆ." ಇದಕ್ಕೆ ಮುಖ್ಯಸ್ಥರು ಮೆಚ್ಚುಗೆ ಪತ್ರ ಕೊಟ್ಟರು.

ಟೀಚರ್ ತಮ್ಮನನ್ನು ಕರೆದುಕೊಂಡು ಬಂದದ್ದು ಒಂದು ಸೋಮವಾರ. ತಮ್ಮ ದರ್ಜಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ನಾನು ಸತ್ತಿದೀನಿ ಅಂತ ಕಾರ್ಡಲ್ಲಿ ಇದೆಯಂತೆ," ಎಂದರು ಟೀಚರ್.

ಕಾರ್ಡು ತೆಗೆದು ನೋಡಿದೆ. "ಹೌದು ಮೇಡಂ. ತೊಂಬತ್ತು ವರ್ಷ ಆಯ್ತು."

"ನನಗೆ ಅರವತ್ತೆಂಟು."

"ವಯಸ್ಸು ಬರೆಯೋಕೆ ಕಾರ್ಡಲ್ಲಿ ಜಾಗ ಇಲ್ಲ ಮೇಡಂ."

ವಿಷಯ ಮುಖ್ಯಸ್ಥರ ಕೋಣೆಗೆ ಹೋಯಿತು. ಅವರು ಟೀಚರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿಯಿಂದ ಎದ್ದರು. ನಮ್ಮ ಮುಖ್ಯಸ್ಥರು ಯಾರಿಗೂ ಏಳುವವರಲ್ಲ, ಆದ್ದರಿಂದ ಕಾರಣ ಹೇಳಬೇಕು. ಹಿಂದಿನ ವಾರವಷ್ಟೇ ಒಂದು ಸುತ್ತೋಲೆ ಬಂದಿತ್ತು: ಕನಿಷ್ಠ ಹತ್ತು ಪುಸ್ತಕ ಬರೆದ ಲೇಖಕರು ಯಾವ ಊರಿನಲ್ಲಿ ಜೀವಂತವಾಗಿದ್ದಾರೋ ಆ ಊರಿನ ಗ್ರಂಥಾಲಯದ ಮುಖ್ಯಸ್ಥರಿಗೆ ಇಲಾಖೆಯ ಕಾರು.

"ನೀವು ಬದುಕಿರೋದು ನಮ್ಮೆಲ್ಲರ ಭಾಗ್ಯ," ಎಂದರು ಮುಖ್ಯಸ್ಥರು.

"ಹಾಗಾದ್ರೆ ನನ್ನ ಪುಸ್ತಕಕ್ಕೆ ಬೇರೆ ಕಾರ್ಡು ಮಾಡಿ ಸಾರ್. ಇಪ್ಪತ್ತೆರಡು ವರ್ಷ ಕೂತು ಬರೆದದ್ದು. ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿಹೋಗಿದೆ. ನನ್ನ ಹತ್ತಿರ ಇದ್ದ ಪ್ರತಿಗಳು ಗೆದ್ದಲಿನ ಪಾಲಾದವು. ಉಳಿದಿರೋದು ಇಲ್ಲಿನ ಒಂದೇ ಪ್ರತಿ."

"ಧಾರಾಳವಾಗಿ ಮಾಡೋಣ. ಆದರೆ ಐದು ವರ್ಷ ಯಾರೂ ಮನೆಗೆ ಒಯ್ಯದ ಲೇಖಕರ ಪುಸ್ತಕ ಅರೆಯೋಕೆ ಕಾಗದದ ಗಿರಣಿಗೆ ಹೋಗುತ್ತೆ. ಒಟ್ಟಿಗಿದ್ದರೆ ಕೋಳಿ ಕಾಪಾಡುತ್ತೆ. ಬೇರೆ ಮಾಡಿದರೆ..." ಮುಖ್ಯಸ್ಥರು ನನ್ನತ್ತ ನೋಡಿದರು. "ಕಾವ್ಯದ ಪುಸ್ತಕ ಎಷ್ಟು ಸಲ ಹೋಗಿದೆ?"

"ಒಂದು ಸಲವೂ ಇಲ್ಲ ಸಾರ್."

ದರ್ಜಿ ನಕ್ಕ. "ಅಕ್ಕಾ, ಅದನ್ನ ಓದಿರೋದು ಇಬ್ಬರೇ ಕಣೇ. ಒಬ್ಬಳು ನೀನು, ಇನ್ನೊಬ್ಬ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದೋನು. ಅವನೂ ಹೊಟ್ಟೆಪಾಡಿಗೆ."

"ನೀನೇ ಇವತ್ತು ಒಯ್ಯೋ," ಎಂದರು ಟೀಚರ್.

"ರಕ್ತಸಂಬಂಧಿಗಳು ಒಯ್ದದ್ದು ಲೆಕ್ಕಕ್ಕಿಲ್ಲ," ಎಂದರು ಮುಖ್ಯಸ್ಥರು ವಿಷಾದದಿಂದ. ಆ ನಿಯಮ ಆಗ ತಾನೇ ಹುಟ್ಟಿದ್ದು. ನಾನು ಕೂಡಲೇ ನಿಯಮ ಪುಸ್ತಕದಲ್ಲಿ ಬರೆದುಕೊಂಡೆ.

ಮುಖ್ಯಸ್ಥರು ಒಂದು ಘೋಷಣಾ ಪತ್ರ ಬರೆಸಿ ಟೀಚರ್ ಮುಂದಿಟ್ಟರು. ಟೀಚರ್ ಕೊನೆಗೆ ಸಹಿ ಹಾಕಿದರು. ಅದರ ಒಕ್ಕಣೆ ಹೀಗಿತ್ತು: "ಹನ್ನೊಂದೂ ಪುಸ್ತಕಗಳ ಕರ್ತೃ ನಾನೇ. ಮಧ್ಯೆ ಸಂಭವಿಸಿದ ನನ್ನ ಮರಣದಿಂದ ಬರವಣಿಗೆಗೆ ಯಾವುದೇ ಅಡಚಣೆಯಾಗಿರುವುದಿಲ್ಲ."

ಪಶುವೈದ್ಯರಿಗೂ ನಲ್ಲಿಯವರಿಗೂ ಪತ್ರ ಬರೆದು, ಅವರು ಏನನ್ನೂ ಬರೆದಿಲ್ಲವೆಂದು ತಿಳಿಸಿದೆವು. ಪಶುವೈದ್ಯರು ಉತ್ತರಿಸಲಿಲ್ಲ. ನಲ್ಲಿಯವರು ಬಂದು ಜಗಳವಾಡಿದರು. ಗ್ರಂಥಾಲಯದ ಶೌಚಾಲಯದ ನಲ್ಲಿಗಳ ಕೆಲಸ ಅವರಿಗೇ ಕೊಡುತ್ತೇವೆಂದ ಮೇಲೆ, ತಾವು ಬರೆದದ್ದು ಇರಲಿಕ್ಕಿಲ್ಲ ಎಂದು ಒಪ್ಪಿದರು.

ಕಾರು ಬಂತು. ಲೇಖಕಿಯನ್ನು ಜನ ನೋಡಬೇಕಲ್ಲ, ಅದಕ್ಕಾಗಿ ಪ್ರತಿ ಗುರುವಾರ ಮಧ್ಯಾಹ್ನ "ಓದುಗರ ವೇಳೆ" ಏರ್ಪಡಿಸಿ ಹೊರಗೆ ಫಲಕ ಹಾಕಿದೆವು. ಮೊದಲ ಗುರುವಾರ ಮೂವರು ಬಂದರು. ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ತೂಕಡಿಸುವ ಕೋಳಿ ಇತ್ತು.

"ಎರಡು ದಿನದಿಂದ ಕಾಳೇ ಮುಟ್ಟಿಲ್ಲ ತಾಯೀ," ಎಂದಳು ಆಕೆ.

ಟೀಚರ್ ನನ್ನ ಮುಖ ನೋಡಿದರು. ನಾನು ಅವರ ಕೋಳಿ ಸಾಕಣೆಯ ಮೂರನೆಯ ಪುಸ್ತಕ ತೆರೆದು ಮುಂದಿಟ್ಟೆ. ಕನ್ನಡಕ ಏರಿಸಿ ಓದಿ ಹೇಳಿದರು. ಮುಂದಿನ ವಾರ ಆ ಹೆಂಗಸು ಮೊಟ್ಟೆ ತಂದು ಕಾಲಿಗೆ ಬಿದ್ದಳು. ಸುದ್ದಿ ಹಬ್ಬಿತು. ಸಾಲು ಮೆಟ್ಟಿಲು ದಾಟಿ ರಸ್ತೆಗೆ ಹೋಯಿತು. ದೇವರಲ್ಲಿ ನಂಬಿಕೆ ಕಳೆದುಕೊಂಡವರು ಒಂದು ಬದಿ, ನಲ್ಲಿ ಸೋರುವವರು ಇನ್ನೊಂದು ಬದಿ. ಮೂರು ತಿಂಗಳಾಗುವಷ್ಟರಲ್ಲಿ ಟೀಚರ್ ಪುಸ್ತಕ ತೆರೆಯುವುದನ್ನೇ ಬಿಟ್ಟರು. ಕೋಳಿಯ ಕಣ್ಣುರೆಪ್ಪೆ ಎತ್ತಿ ನೋಡಿಯೇ ಹೇಳುತ್ತಿದ್ದರು. ಒಮ್ಮೆ ದುಃಖದಲ್ಲಿದ್ದ ಒಬ್ಬರ ಕಣ್ಣುರೆಪ್ಪೆಯನ್ನೂ ಎತ್ತಿದರು. ಅವರಿಗೂ ಸಮಾಧಾನವಾಯಿತು.

ಆಗ ಎರಡನೆಯ ಸುತ್ತೋಲೆ ಬಂತು. ಲೇಖಕರ ಒಂದು ಪುಸ್ತಕವೂ ಓದುಗರಿಲ್ಲದೆ ಬಿದ್ದಿರದಿದ್ದರೆ ಮುಖ್ಯಸ್ಥರಿಗೆ ಇನ್ನೂ ದೊಡ್ಡ ಕಾರು.

"ಯಾರಾದರೂ ಒಂದು ಸಲ ಕಾವ್ಯದ ಪುಸ್ತಕವನ್ನು ಮನೆಗೆ ಒಯ್ದರೆ ಸಾಕಲ್ಲವಾ ಸಾರ್?" ಎಂದೆ ನಾನು.

"ಸಾಕು. ನೀನೇ ಒಯ್ತೀಯಾ?"

ಆ ವಾರ ನನಗೆ ಕೆಲಸ ಬಹಳವಿತ್ತು. ಸಿಬ್ಬಂದಿಯ ಉಳಿದ ಹದಿನೇಳು ಮಂದಿಗೂ ಬಹಳವಿತ್ತೆಂದು ವಿಚಾರಣೆಯಿಂದ ತಿಳಿದುಬಂತು.

ಉಳಿದದ್ದು ಆ ಪುಸ್ತಕವನ್ನೇ ಗಿರಣಿಗೆ ಕಳಿಸುವ ದಾರಿ. ಲೇಖಕರ ಬೇರೆ ಪುಸ್ತಕಗಳು ಓಡುತ್ತಿರುವಾಗ ಒಂದನ್ನು ಮಾತ್ರ ಕಳಿಸಲು ಅವರ ಒಪ್ಪಿಗೆ ಬೇಕು. ಗುರುವಾರ ಮುಖ್ಯಸ್ಥರೇ ಕಾಗದ ಹಿಡಿದು ಬಂದರು. ಅತ್ತು ಕರೆದು ರಂಪವಾಗಬಹುದೆಂದು ನಾನು ನೀರಿನ ಲೋಟ ತಂದಿಟ್ಟಿದ್ದೆ.

ಟೀಚರ್ ಕಾಗದ ಓದಿದರು. "ಯಾವ ಪುಸ್ತಕ ಇದು?"

"ಕಾವ್ಯದ್ದು ಮೇಡಂ. ಉಳಿದ ಹತ್ತೂ ಚೆನ್ನಾಗಿ ಓಡ್ತಿವೆ. ಇದೊಂದು ನಿಮ್ಮ ಹೆಸರಿಗೆ ಕುಂದು."

ಅವರ ಮಡಿಲಲ್ಲಿ ಒಂದು ಹುಂಜ ಇತ್ತು. ಅದರ ಜುಟ್ಟನ್ನು ಎರಡು ಸಲ ನೇವರಿಸಿದರು. "ನಾನೂ ಗಮನಿಸಿದೀನಿ," ಎಂದರು. "ಇಷ್ಟು ಜನ ಬರ್ತಾರೆ, ಒಬ್ಬರೂ ಅದರ ವಿಷಯ ಎತ್ತಲ್ಲ. ಎಲ್ಲಿ, ಪೆನ್ನು ಕೊಡಿ."

ಬಾಗಿಲ ಬಳಿ ನಿಂತಿದ್ದ ದರ್ಜಿ ಒಳಗೆ ನುಗ್ಗಿ ಬಂದ. "ಅಕ್ಕಾ, ಏನು ಮಾಡ್ತಿದೀಯ? ನೀನು ಬರೆದದ್ದು ಅದೊಂದೇ!"

"ಮೆಲ್ಲಗೆ ಮಾತಾಡೋ," ಎಂದರು ಟೀಚರ್, ಸಹಿ ಹಾಕುತ್ತಾ. "ಜನ ಕೇಳಿಸ್ಕೋತಾರೆ."

ಮುಖ್ಯಸ್ಥರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ದರ್ಜಿ ಅಲ್ಲೇ ನಿಂತಿದ್ದ. ಸಾಲಿನಲ್ಲಿ ಮುಂದಿದ್ದವನೊಬ್ಬ ಅವನ ಭುಜ ಮುಟ್ಟಿ, ನಿಮ್ಮ ವಿಚಾರಣೆ ಮುಗಿದಿದ್ದರೆ ಸ್ವಲ್ಪ ಸರಿಯಿರಿ, ನನ್ನದು ಮೂರು ಕೋಳಿಗಳಿವೆ ಎಂದ. ಅವನು ಸರಿದ.