ಅಂಡಮಾನಿನಲ್ಲಿ ಹೊಲ ಕಾದದ್ದು

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ‘ಸದ್ದು ಮಾಡಬೇಡಿ’ ಎಂದು ಕಿರುಚಿದ ಬಾಯಿ ಇದು; ತಾನು ಮಾತ್ರ ಆ ಪಾಠ ಕಲಿಯಲಿಲ್ಲ. ನಿವೃತ್ತಿಯ ಮೇಲೆ ನಾನೂ ನನ್ನ ಹೆಂಡತಿ ಗಿರಿಜಳೂ ಅಂಡಮಾನಿಗೆ ಹೋದಾಗ ಇದರ ಫಲ ಉಂಡೆ. ಕೆರೆ ಕೋಡಿ ಬಿದ್ದರೆ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ಜನ ನಾವು. ಸುತ್ತಲೂ ನೀರೇ ಕಂಡರೆ ತಲೆ ನಿಲ್ಲುತ್ತದೆಯೇ? ಶಂಖ ಹೊತ್ತು ನಡೆಯುವ ಏಡಿ ಕಂಡು ಕುಣಿದೆ. ಗಾಜಿನ ತಳದ ದೋಣಿಯಲ್ಲಿ ಹಳದಿ ಪಟ್ಟೆಯ ಮೀನು ಕಂಡಾಗಲಂತೂ ಗುರುತಿಲ್ಲದವರ ಭುಜ ಅಲುಗಾಡಿಸಿ ತೋರಿಸಿದೆ. ಅಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಗಿರಿಜಳಿಗೆ ಬೇಕಾಗಿದ್ದು ಒಂದೇ ಫೋಟೊ. ಮೊಳಕಾಲ್ಮೂರಿನ ಅವಳ ಅಕ್ಕ ಯಾವುದೋ ಕಾಡಿಗೆ ಹೋಗಿ ಆನೆಯ ಪಕ್ಕ ನಿಂತ ಚಿತ್ರ ಕಳಿಸಿದ್ದಳು. ಅದಕ್ಕೆ ಉತ್ತರವಾಗಿ ಇವಳು ಮೊಳಕಾಲ್ಮೂರು ಸೀರೆ ಉಟ್ಟು, ಹಿಂದೆ ಸಮುದ್ರ, ಪಕ್ಕದಲ್ಲಿ ಕೊಂಬಿನ ಜಿಂಕೆ ಇರುವಂತೆ ನಿಲ್ಲಬೇಕಿತ್ತು. ಒಂದು ಸಣ್ಣ ದ್ವೀಪದಲ್ಲಿ ಚುಕ್ಕೆ ಜಿಂಕೆಗಳಿವೆ, ಸದ್ದು ಮಾಡದಿದ್ದರೆ ಹತ್ತಿರ ಬರುತ್ತವೆ ಎಂದು ದೋಣಿಯವನು ಹೇಳಿದ್ದ. ಬಿಸಿಲಲ್ಲಿ ಅರ್ಧ ಗಂಟೆ ಕಾದೆವು. ಬಂತು, ದೊಡ್ಡ ಕೊಂಬಿನ ಗಂಡು. ಗಿರಿಜಳಿಂದ ಒಂದು ಮಾರು ದೂರದಲ್ಲಿ ಅದು ತಲೆ ಬಗ್ಗಿಸಿ ಹಸಿರು ಚಿಗುರಿಗೆ ಬಾಯಿ ಹಾಕಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಹೊಲ ಇರುವುದು ಚಳ್ಳಕೆರೆ ಹತ್ತಿರದ ಕುದಾಪುರದ ಹುಲ್ಲುಗಾವಲಿನ ಅಂಚಿನಲ್ಲಿ. ಶೇಂಗಾ ಮೊಳೆತರೆ ಸಾಕು, ಜಿಂಕೆ ಹಿಂಡು ಇಳಿಯುತ್ತದೆ. ಅಟ್ಟಣೆ ಹತ್ತಿ, ತಗಡಿನ ಡಬ್ಬ ಬಡಿದು, ಕೂಗಿ ಕೂಗಿ ಬೆಳೆದವನು ನಾನು. ಆ ಜಿಂಕೆ ಹಸಿರಿಗೆ ಬಾಯಿ ಹಾಕಿದ್ದೇ ತಡ, ‘ಹೋಯ್, ಹೇಯ್, ಹಾ ಹಾ ಹಾ!’ ಎಂದು ಮೊಬೈಲು ಬೀಸಿಕೊಂಡು ನುಗ್ಗಿಬಿಟ್ಟೆ. ಜಿಂಕೆ ಹೋಯಿತು. ಅಲ್ಲೇ ಕಾಳು ಹೆಕ್ಕುತ್ತಿದ್ದ ನವಿಲುಗಳೂ ಹೋದವು. ಮರದ ಕೆಳಗೆ ಕೂತಿದ್ದ ಇಬ್ಬರು ಪ್ರವಾಸಿಗರೂ ಎದ್ದು ಓಡಿದರು.

“ಯಾರ ಹೊಲ ಕಾಯಾಕ್ ಬಂದೀರಿ ಇಲ್ಲಿ?” ಎಂದಳು ಗಿರಿಜ.

“ಬಾಯಿ ತಡೀಲಿಲ್ಲ ಕಣೇ.”

“ನಮ್ಮಕ್ಕಂಗೆ ಏನ್ ತೋರಿಸ್ಲಿ? ನಿಮ್ಮ ಬಾಯಿನಾ?”

ಚಳ್ಳಕೆರೆಗೆ ಮರಳುವ ದಾರಿಯಲ್ಲೇ, ಇನ್ನು ಯಾವ ಪ್ರಾಣಿಯ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ನಾನು ಆಣೆ ಮಾಡಿದೆ.

ಶ್ರಾವಣದಲ್ಲಿ ಹೊಲಕ್ಕೆ ಹೋಗಿದ್ದೆವು. ಶೇಂಗಾ ಹೂ ಬಿಟ್ಟಿತ್ತು. ಗಿರಿಜ ಬುತ್ತಿ ಇಳಿಸುತ್ತಿದ್ದಳು, ಅವಳ ಹಿಂದೆಯೇ ಸುರುಳಿ ಕೊಂಬಿನ ಕರಿ ಜಿಂಕೆಯೊಂದು ಹಿಂಡು ಕಟ್ಟಿಕೊಂಡು ಬಂತು. ಐವತ್ತು ವರ್ಷ ಓಡಿಸಿದ ಪ್ರಾಣಿ ಇಷ್ಟು ಚೆಂದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. “ಅಲ್ಲೇ ನಿಂತ್ಕ, ಉಸಿರು ಬಿಡಬ್ಯಾಡ” ಎಂದು ಪಿಸುಗುಟ್ಟಿ, ಒಂದೇ ಸಮನೆ ಫೋಟೊ ತೆಗೆದೆ.

“ಚೆಂದಾಗಿ ಬಂದೈತಾ?” ಎಂದಳು ಅವಳು, ತುಟಿ ಅಲುಗಿಸದೆ.

“ಭಾಳ ಚೆಂದ.”

“ಹಂಗಾರೆ ಈಗ ಕೂಗ್ರಿ. ನಾಕು ಸಾಲು ಮೇದು ಹಾಕಿದ್ವು.”

ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಸದ್ದು ಹೊರಡಲಿಲ್ಲ. ಕೊನೆಗೆ ಅವಳೇ ಬುತ್ತಿ ಡಬ್ಬಿಯ ಮುಚ್ಚಳ ಬಡಿದು ಓಡಿಸಿದಳು.

ಆ ಚಿತ್ರ ಸಂಜೆಯೇ ಮೊಳಕಾಲ್ಮೂರಿಗೆ ಹೋಯಿತು. ಊರಿನ ಹೆಸರನ್ನು ಗಿರಿಜ ಬರೆಯಲಿಲ್ಲ. ಅಕ್ಕ ಫೋನು ಮಾಡಿ, ನನ್ನನ್ನೇ ಕೇಳಿದಳು: “ಏನ್ ಮೇಷ್ಟ್ರೇ, ಅಂಡಮಾನ್ನಾಗೂ ಶೇಂಗಾ ಬೆಳೀತಾರಾ?”

ಗಿರಿಜ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.